ಎರಡೂವರೆ ಜನರ ಮುನಿಸು

ಸೆಪ್ಟೆಂಬರ್ 16

ಬೆಳಿಗ್ಗೆ ಬಾಗಿಲು ತೆಗೆದಾಗ ಕಾಫಿ ಹುರಿಯುವ ರೋಸ್ಟರಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಬೀಜ ಸುರಿಯುವ ತಗಡಿನ ಆಲಿಕೆಗೆ ಅಡ್ಡಲಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ನಡುವೆ ಒಣಗಿದ ನೊಣ. ಬೀಜ ಹೆಕ್ಕುವ ಕಮಲಕ್ಕ ಪೊರಕೆಯ ತುದಿಯಿಂದ ಅದನ್ನು ಸುತ್ತಿ ಎಳೆದು ಗೋಡೆಗೆ ಒರೆಸಿದರು. ಅಲ್ಲೊಂದು ಬೂದು ಗೆರೆ ಉಳಿಯಿತು. ಜನ ಕುಡಿಯುವ ಕಾಫಿ ಬೀಳುವ ಜಾಗ ಅದು.

ಹನ್ನೊಂದು ದಿನದಿಂದ ಯಂತ್ರ ಬೆಂಕಿ ಕಂಡಿಲ್ಲ. ಅಂಗಡಿಯ ಯಜಮಾನಿ ನೀಲಾವತಿ ಅಕ್ಕನ ಕ್ರಮವೇ ಹಾಗೆ. ಹುರಿದಿಟ್ಟುಕೊಂಡು ಗಿರಾಕಿಗೆ ಕಾಯುವುದಿಲ್ಲ. ತಿಂಗಳ ಒಂದನೇ ತಾರೀಕು, ಹದಿನೈದನೇ ತಾರೀಕು ಎಲ್ಲರಿಗೂ ಇ-ಮೇಲಿನಲ್ಲಿ ಒಂದು ಕಾಗದ ಹೋಗುತ್ತದೆ. ಮೂರು ದಿನ ಆರ್ಡರು ತೆಗೆದುಕೊಳ್ಳುತ್ತೇವೆ. ಐದನೇ ದಿನ ಅಷ್ಟನ್ನೇ ಹುರಿದು, ಪುಡಿ ಮಾಡಿ, ಬಿಸಿ ಆರುವ ಮೊದಲೇ ಕೊರಿಯರಿಗೆ ಕೊಡುತ್ತೇವೆ. ಬೆಂಕಿಗಿಂತ ಮೊದಲು ಕಾಗದ ಅನ್ನುತ್ತಾರೆ ಅಕ್ಕ.

ಕಾಗದ ಬರೆಯುವುದು ನನ್ನ ಕೆಲಸ. ಎಂ.ಎ. ಮುಗಿಸಿ ಬಂದವಳಿಗೆ ಕುಶಾಲನಗರದಲ್ಲಿ ಬರೆದು ಸಂಬಳ ಪಡೆಯುವ ಇನ್ನೊಂದು ಕೆಲಸ ಇದ್ದಂತಿಲ್ಲ. ತೋಟದಲ್ಲಿ ಆ ಹದಿನೈದು ದಿನ ಏನಾಯಿತು, ಮಳೆ ಹೇಗೆ ಬಂತು, ಮೆಣಸಿನ ಬಳ್ಳಿ ಎಷ್ಟು ಹತ್ತಿತು ಎಂದು ಒಂದು ಪುಟ. ಕೊನೆಗೆ ಎರಡು ಸಾಲು ಕಾಫಿಪುಡಿಯ ವಿಷಯ. ಉತ್ತರಗಳೂ ಬರುತ್ತವೆ. ನನಗೆ ಮಾತಾಡಲು ಬರುವುದಿಲ್ಲ, ಫೋನ್ ಹೊಡೆದುಕೊಂಡರೆ ಕಮಲಕ್ಕನ ಮುಖ ನೋಡುತ್ತೇನೆ. ಆದರೆ ಈ ಒಂದು ಪುಟದ ಮಟ್ಟಿಗೆ ನನಗೆ ನಾಚಿಕೆಯಿಲ್ಲ.

ನಿನ್ನೆ ಕಾಗದ ಹೋಯಿತು. ಮೊದಲೆಲ್ಲ ಮರುದಿನ ಬೆಳಿಗ್ಗೆಗೆ ಅರವತ್ತು ಆರ್ಡರು ಇರುತ್ತಿದ್ದವು. ಇವತ್ತು ನಾಲ್ಕು. ಜೂನ್‌ನಿಂದ ಹೀಗೇ ಇಳಿಯುತ್ತ ಬಂದಿದೆ.

ಸೆಪ್ಟೆಂಬರ್ 18

ಕಾರಣ ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ದಾವಣಗೆರೆಯಿಂದ ಜಯಪ್ರಕಾಶ್ ಎನ್ನುವವರು ಫೋನ್ ಮಾಡಿದರು. ಐದು ವರ್ಷದ ಗಿರಾಕಿ, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಕಮಲಕ್ಕ ಊಟಕ್ಕೆ ಹೋಗಿದ್ದರಿಂದ ನಾನೇ ಎತ್ತಬೇಕಾಯಿತು. ನಾಲ್ಕು ತಿಂಗಳಿಂದ ಕಾಗದ ಇಲ್ಲ, ಅಂಗಡಿ ಮುಚ್ಚಿರಬೇಕು ಅಂದುಕೊಂಡರಂತೆ. ಕೇಳಿದರೆ ನಿಮಗೆ ನೋವಾದೀತು ಅಂತ ಕೇಳಲಿಲ್ಲ ಎಂದರು. ಈಗ ಯಾವುದೋ ಪ್ಯಾಕೆಟ್ಟಿನ ಪುಡಿ ಕುಡಿಯುತ್ತಿದ್ದಾರೆ. ಬೇಡದ ಮೇಲ್ ಬೀಳುವ ಸ್ಪ್ಯಾಮ್ ಎಂಬ ಕಡೆ ನೋಡಿ ಸರ್ ಎಂದೆ. ಮಗಳನ್ನು ಕರೆದು ನೋಡಿಸಿದರು. ಜೂನ್‌ನಿಂದೀಚಿನ ಏಳೂ ಕಾಗದ ಅಲ್ಲೇ ಬಂದು ಬಿದ್ದಿರಬೇಕು, ಹಳೆಯವು ತಾವಾಗಿ ಅಳಿದುಹೋಗಿ ಎರಡು ಉಳಿದಿದ್ದವು.

ಆಮೇಲೆ ಗೆಳತಿಯೊಬ್ಬಳಿಗೆ, ನಿನ್ನ ಸ್ಪ್ಯಾಮ್ ತೆರೆದು ಫೋಟೋ ಕಳಿಸು ಎಂದೆ. ಅದರಲ್ಲಿ ನನ್ನ ಕಾಗದದ ಮೇಲೆ ಬೋಳುತಲೆಗೆ ಕೂದಲು ಬರಿಸುವ ಎಣ್ಣೆ, ಕೆಳಗೆ ನಿಮ್ಮ ಪಾರ್ಸೆಲ್ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ ಎನ್ನುವ ಕಳ್ಳ. ನಡುವೆ ನಾನು ಬರೆದ ಸಾಲು, 'ಈ ಸಲ ಮಳೆ ಕಾಯಿಯನ್ನು ಉದುರಿಸದೆ ಹೋಯಿತು.' ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆಯ ಮೇಲೆ ನನ್ನ ಹೆಸರು ಬರೆದಿಟ್ಟಂತೆ ಕಂಡಿತು. ಅದೇ ಹೊತ್ತಿಗೆ ಅಕ್ಕನ ಮೇಲ್ ಪೆಟ್ಟಿಗೆಗೆ, ಸ್ಪ್ಯಾಮಿಗಲ್ಲ, ಸೀದಾ ಒಳಗೆ, ಅರ್ಜಿಯಿಲ್ಲದೆ ಸಾಲ ಕೊಡುವವನೊಬ್ಬ ಬಂದು ಕೂತಿದ್ದ.

ಸೆಪ್ಟೆಂಬರ್ 24

ಅಕ್ಕ ದೀಕ್ಷಿತ್ ಎಂಬವನನ್ನು ಕರೆಸಿದ್ದಾರೆ. ಬೇಕರಿಯ ಮಹಡಿಯಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಆಫೀಸು ಇಟ್ಟಿದ್ದಾನೆ. ಬರುವಾಗ ಅಲ್ಲಿಂದಲೇ ಪಫ್ಸ್ ತಂದಿದ್ದ. ತಿನ್ನುತ್ತಲೇ ನನ್ನ ಕುರ್ಚಿಯಲ್ಲಿ ಕೂತ. ಏಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕೀಬೋರ್ಡಿನ ಮೇಲೆಲ್ಲ ಎಣ್ಣೆ ಬೆರಳು, ಸಂದುಗಳಲ್ಲಿ ಪಫ್ಸಿನ ಪದರ.

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹೋದ ವರ್ಷದಿಂದ ದೊಡ್ಡ ಮೇಲ್ ಕಂಪನಿಗಳು ನಿಯಮ ಬಿಗಿ ಮಾಡಿವೆ. ಕಳಿಸುವವರು ತಾವೇ ಎಂದು ತೋರಿಸುವ ಮೂರು ದಾಖಲೆ ನಮ್ಮ ವೆಬ್ ವಿಳಾಸಕ್ಕೆ ಅಂಟಿಸಿರಬೇಕು. ಬೇಡವೆಂದವರು ಒಂದೇ ಒತ್ತಿಗೆ ಪಟ್ಟಿಯಿಂದ ಹೊರಗೆ ಹೋಗುವ ಗುಂಡಿ ಇರಬೇಕು. ಇವೆರಡನ್ನೂ ನಾವು ಜೂನ್‌ನಲ್ಲೇ, ಹಣ ಕೊಟ್ಟು ಮೇಲ್ ಕಳಿಸಿಕೊಡುವ ಸಂಸ್ಥೆಯೊಂದಕ್ಕೆ ಸೇರಿದಾಗ, ಮಾಡಿಸಿದ್ದೇವೆ. ಸಿಕ್ಕಿಬಿದ್ದಿರುವುದು ಮೂರನೆಯದರಲ್ಲಿ. ಇದು ಸ್ಪ್ಯಾಮ್ ಎಂದು ದೂರುವವರು ಸಾವಿರಕ್ಕೆ ಮೂವರನ್ನು ಮೀರಬಾರದು.

"ಸಾವಿರಕ್ಕೆ ಮೂರು ಅಂದ್ರೆ ನಮ್ಮದಕ್ಕೆ ಎಷ್ಟು?" ಅಕ್ಕ ಕೇಳಿದರು.

ನಮ್ಮ ಪಟ್ಟಿಯಲ್ಲಿ ಎಂಟುನೂರ ಮೂರು ವಿಳಾಸ. ಲೆಕ್ಕ ಹಾಕಿದರೆ ಸುಮಾರು ಎರಡೂವರೆ ಜನ.

"ಎರಡೂವರೆ ಜನ ಮುನಿಸಿಕೊಂಡ್ರೆ ಬಾಕಿ ಎಂಟುನೂರು ಜನ ಕಾಫಿ ಕುಡಿಯುದು ಬೇಡವಾ?" ಅಕ್ಕ ನಕ್ಕರು. "ಯಾವ ಊರಲ್ಲಿ ಉಂಟು ಮಾರಾಯ ಇಂಥ ನ್ಯಾಯ? ನಮ್ಮಲ್ಲಿ ಒಂದು ಮದುವೆಗೆ ಎರಡೂವರೆ ಜನ ಮುನಿಸಿಕೊಳ್ಳದಿದ್ರೆ ಅದು ಮದುವೆಯೇ ಅಲ್ಲ."

ದೀಕ್ಷಿತ್ ಕೂಡ ನಕ್ಕ. ಬಾಯಿಯ ಮೂಲೆಯಲ್ಲಿ ಆಲೂಗಡ್ಡೆ ಇತ್ತು. ಲಕ್ಷಗಟ್ಟಲೆ ಕಳಿಸುವವರಿಗೆ ಸಾವಿರಕ್ಕೆ ಮೂರು ಎಂದರೆ ಮುನ್ನೂರು, ಆರುನೂರು ಜನ. ಅವರಿಗೆ ಉಸಿರಾಡಲು ಜಾಗವಿದೆ. ಅವರಲ್ಲಿ ಒಬ್ಬನ ವಿಳಾಸ ಹೀಗೆ ಕೆಟ್ಟುಹೋದರೆ ಮರುದಿನ ಹೊಸ ವಿಳಾಸ ಕೊಂಡು ಮತ್ತೆ ಕೂದಲೆಣ್ಣೆ ಮಾರುತ್ತಾನೆ. ಬೇಲಿ ಹಾಕಿದ್ದು ಆನೆಗೆ, ಅದು ದಾಟಿಕೊಂಡು ಹೋಯಿತು. ಸಿಕ್ಕಿಕೊಂಡದ್ದು ಪಕ್ಕದ ಮನೆಯ ಕರು. ಈ ನಿಯಮ ಬರೆದವರು ಎಂಟುನೂರು ಜನರಿಗೆ ಕಾಗದ ಬರೆಯುವವರನ್ನು ಜೀವಮಾನದಲ್ಲಿ ನೋಡಿರಲಾರರು. ದೂರಿದವರ ಹೆಸರನ್ನೂ ಹೇಳುವುದಿಲ್ಲ. ಎಷ್ಟು ಎಂದಷ್ಟೇ ಹೇಳುತ್ತಾರೆ. ನಮ್ಮದು ಸಾವಿರಕ್ಕೆ ಹತ್ತೊಂಬತ್ತು.

ಹತ್ತೊಂಬತ್ತು! ನಾನು ಏನು ಬರೆದಿದ್ದೆನೆಂದು?

ಸೆಪ್ಟೆಂಬರ್ 25

ಹಳೆಯ ಕಾಗದಗಳನ್ನೆಲ್ಲ ಓದಿದೆ. ಒಂದು ಕಡೆ 'ಮಂಜು' ಎಂಬ ಪದ ಮೂರು ಸಲ ಬಂದಿದೆ. ಅದಕ್ಕಾಗಿ ಯಾರಾದರೂ ದೂರು ಕೊಟ್ಟರೆ ನ್ಯಾಯ.

ಕೀಬೋರ್ಡನ್ನು ಸ್ಪಿರಿಟ್ ಹಾಕಿ ಒರೆಸಿದೆ. ಇನ್ನೂ ಜಿಡ್ಡು.

ಅಕ್ಟೋಬರ್ 1

ಇವತ್ತು ನಾನು ಮಾಡಿದ್ದನ್ನು ಇಲ್ಲಿಯಾದರೂ ಬರೆಯಬೇಕು.

ಜನ ತೆರೆದು ನೋಡಿದರೆ ನಮ್ಮ ಕೆಟ್ಟ ಹೆಸರು ತಾನಾಗಿ ಸರಿಹೋಗುತ್ತದೆ ಎಂದು ದೀಕ್ಷಿತ್ ವಾದಿಸಿದ. ತೆರೆಯಬೇಕಾದರೆ ವಿಷಯದ ಸಾಲು ಹಿಡಿದೆಳೆಯಬೇಕು. ನನ್ನ ಸಾಲು 'ಅಕ್ಟೋಬರ್ ತಿಂಗಳ ಮೊದಲ ಹುರಿತ' ಎಂದಿತ್ತು. ಅವನು ಅದನ್ನು ಅಳಿಸಿ, 'Re: ನಿಮ್ಮ ಆರ್ಡರ್ ಬಗ್ಗೆ' ಎಂದು ಹೊಡೆದ. ಅವರು ಮೊದಲೇ ನಮಗೇನೋ ಬರೆದಿದ್ದರು, ನಾವು ಉತ್ತರ ಕೊಡುತ್ತಿದ್ದೇವೆ ಎನ್ನುವ ಹಾಗೆ. ಅಕ್ಕ ನನ್ನ ಕಡೆ ತಿರುಗಿ, ಸರಿಯಾ ಎಂದು ಕೇಳಿದರು. ಬರಹದ ವಿಷಯದಲ್ಲಿ ಅವರು ನನ್ನನ್ನೇ ಕೇಳುವುದು.

ನಾನು ತಲೆ ಅಲ್ಲಾಡಿಸಿದೆ. ಅದು ಹೌದೋ ಅಲ್ಲವೋ ಎಂದು ನನಗೇ ಗೊತ್ತಿಲ್ಲ. ಅವರು ಹೌದು ಅಂದುಕೊಂಡರು. ಕಳಿಸುವ ಗುಂಡಿ ಒತ್ತಿದ್ದು ನನ್ನ ಬೆರಳು.

ಸಂಜೆಯೊಳಗೆ ಮುನ್ನೂರು ಜನ ತೆರೆದರು. ದೀಕ್ಷಿತ್ ಚಪ್ಪಾಳೆ ತಟ್ಟಿದ. ಇಪ್ಪತ್ತೊಂದು ಆರ್ಡರು ಬಂತು. ಧಾರವಾಡದ ಒಬ್ಬರು, ಹಿಂದೆ ನನ್ನ ಕಾಗದವನ್ನು ಹೆಂಡತಿಗೆ ಓದಿ ಹೇಳುತ್ತೇನೆ ಎಂದು ಬರೆದಿದ್ದವರು, ಇವತ್ತು ಒಂದೇ ಸಾಲು ಬರೆದಿದ್ದಾರೆ. 'ನಾನು ಯಾವ ಆರ್ಡರ್ ಬಗ್ಗೆಯೂ ನಿಮಗೆ ಬರೆದಿರಲಿಲ್ಲವಲ್ಲಮ್ಮ.'

'ಅಮ್ಮ' ಎಂದು ಸೇರಿಸಿದ್ದಾರೆ. ಬೈದಿದ್ದರೆ ಸುಲಭವಿತ್ತು.

ಅಕ್ಟೋಬರ್ 3

ಮೇಲ್ ಕಳಿಸಿಕೊಡುವ ಸಂಸ್ಥೆಯವರು ನಮ್ಮ ಖಾತೆ ಮುಚ್ಚಿದರು. ದೂರು ಸಾವಿರಕ್ಕೆ ಮೂವತ್ತೊಂದು.

ಅಕ್ಟೋಬರ್ 6

ಖಾತೆ ತೆರೆಸಬೇಕಾದರೆ ಒಂದು ಅರ್ಜಿ ತುಂಬಬೇಕು. ಹದಿನೈದನೇ ತಾರೀಕು ಕೊನೆ. ಒಂದೇ ಅವಕಾಶ. ಬೇರೆ ಸಂಸ್ಥೆಗೆ ಹೋಗೋಣವೆಂದರೆ ಕೆಟ್ಟ ಹೆಸರು ನಮ್ಮ ವೆಬ್ ವಿಳಾಸಕ್ಕೇ ಅಂಟಿಕೊಂಡಿದೆ, ಹೋದಲ್ಲಿಗೆ ಬರುತ್ತದೆ. ಅರ್ಜಿಯಲ್ಲಿರುವುದು ನಾಲ್ಕು ಪ್ರಶ್ನೆ. ಮೂರು ಸುಲಭ. ನಾಲ್ಕನೆಯದು: ನಿಮ್ಮ ಪಟ್ಟಿಯ ವಿಳಾಸಗಳನ್ನು ಎಲ್ಲಿಂದ ಸಂಗ್ರಹಿಸಿದಿರಿ, ಅವರು ಯಾವಾಗ ಒಪ್ಪಿಗೆ ಕೊಟ್ಟರು?

ಅಂಗಡಿಯ ಮೇಜಿನ ಮೇಲೆ ಒಂದು ಉದ್ದ ಪುಸ್ತಕವಿದೆ. ಕಾಫಿಪುಡಿ ಒಯ್ಯುವವರು, ಕಾಗದ ಬೇಕು ಎನ್ನುವವರು ಅದರಲ್ಲಿ ತಮ್ಮ ಕೈಯಾರೆ ವಿಳಾಸ ಬರೆಯುತ್ತಾರೆ. ಇವತ್ತು ಕೂತು ಎಣಿಸಿದೆ. ನಾನೂರ ಹನ್ನೆರಡು. ಪಟ್ಟಿಯಲ್ಲಿ ಎಂಟುನೂರ ಮೂರು. ಉಳಿದ ಮುನ್ನೂರ ತೊಂಬತ್ತೊಂದು ಎಲ್ಲಿಂದ ಬಂದವು ಎಂದು ಅಕ್ಕನನ್ನು ಕೇಳಿದೆ.

ಮೇ ತಿಂಗಳಲ್ಲಿ ಭಾಗಮಂಡಲದ ಕಡೆ ಅಕ್ಕನ ಐನ್‌ಮನೆಯಲ್ಲಿ, ಹಿರಿಯರ ಮೂಲಮನೆಯಲ್ಲಿ, ಕುಟುಂಬದವರೆಲ್ಲ ಸೇರಿದ್ದರು. ಬಂದವರು ಹೆಸರು, ಫೋನು, ಮೇಲ್ ಬರೆಯಲು ಒಂದು ರಿಜಿಸ್ಟರ್ ಇಟ್ಟಿದ್ದರು. ಅಕ್ಕ ಅದರ ಫೋಟೋ ತೆಗೆದು ತಂದು ರಾತ್ರಿಯೆಲ್ಲ ಕೂತು ತಾವೇ ಪಟ್ಟಿಗೆ ಸೇರಿಸಿದ್ದಾರೆ. ಯಾರನ್ನೂ ಕೇಳಿಲ್ಲ. ಕೇಳಬೇಕು ಎಂದು ಅವರಿಗೆ ಹೊಳೆದೂ ಇಲ್ಲ.

"ದಾವಣಗೆರೆಯವರಿಗೆ ಹೇಳಿ ನಮ್ಮವರಿಗೆ ಹೇಳದೆ ಇರ್ಲಿಕ್ಕೆ ಆಗ್ತದಾ ರಂಜಿತಾ? ನಾಳೆ ಒಂದು ಸಾವಿನ ಮನೆಯಲ್ಲಿ ಸಿಕ್ಕಿದಾಗ ಕೇಳ್ತಾರೆ. ಊರಿಗೆಲ್ಲ ಕಾಗದ ಹಾಕ್ತೀಯಂತೆ, ನಾವು ಮಾತ್ರ ಕಾಣಲಿಲ್ಲವಾ ಅಂತ."

"ಅವ್ರಿಗೆ ಬೇಡ ಅಂದ್ರೆ?"

"ಬೇಡ ಅಂದವರು ಒಬ್ಬರಿಲ್ಲ. ಹೊರಗೆ ಹೋಗುವ ಗುಂಡಿ ಉಂಟಲ್ಲ, ನಮ್ಮವರು ಒಬ್ಬರೂ ಒತ್ತಲಿಲ್ಲ ನೋಡು. ಅಷ್ಟು ಪ್ರೀತಿ."

ನಿಜ. ಹೊರಗೆ ಹೋದವರ ಹೆಸರು ಅಕ್ಕನಿಗೆ ಕಾಣುತ್ತದೆ. ಆ ಸಾಲಿನಲ್ಲಿ ಕುಟುಂಬದವರ ಒಂದು ಹೆಸರೂ ಇಲ್ಲ.

ಅಕ್ಟೋಬರ್ 8

ನಾಲ್ಕನೇ ಪ್ರಶ್ನೆಗೆ ದೀಕ್ಷಿತ್ ಉತ್ತರ ಬರೆದು ಕಳಿಸಿದ್ದಾನೆ. ಎಲ್ಲ ಎಂಟುನೂರ ಮೂರು ಜನರೂ ಅಂಗಡಿಗೆ ಖುದ್ದಾಗಿ ಬಂದು ಪುಸ್ತಕದಲ್ಲಿ ಬರೆದಿದ್ದಾರೆ ಎಂದು. ಸಾಕ್ಷಿಗೆ ಪುಸ್ತಕದ ನಾಲ್ಕು ಪುಟದ ಫೋಟೋ ಹಾಕಿದರೆ ಸಾಕಂತೆ, ಎಣಿಸುವವರು ಯಾರು. ಅಕ್ಕ ಅದನ್ನು ನನಗೆ ಕೊಟ್ಟು, ಇಂಗ್ಲಿಷು ಸ್ವಲ್ಪ ಚಂದ ಮಾಡು ಎಂದರು. ಕಳ್ಳಮಾಲಿಗೆ ಪಾಲಿಶ್ ಹಾಕುವುದಕ್ಕೂ ಸಾಹಿತ್ಯ ಓದಿರಬೇಕು.

ದೀಪಾವಳಿಯ ಕಾಗದ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನೂ ಇವತ್ತೇ ಹೇಳಿದರು. ಕುಟ್ಟದಿಂದ ಒಬ್ಬರು ಹದಿನಾರಕ್ಕೆ ಬಂದು ರೋಸ್ಟರ್ ನೋಡುತ್ತಾರೆ. ಕೊಟ್ಟುಬಿಡುವುದು. ಕಾಫಿಯನ್ನು ಹಸಿ ಬೀಜವಾಗಿಯೇ ವ್ಯಾಪಾರಿಗೆ ಹಾಕುವುದು. ಕಮಲಕ್ಕ ಆ ಹೊತ್ತು ಮೊರದಲ್ಲಿ ಕಪ್ಪು ಬೀಜ ಹೆಕ್ಕುತ್ತಿದ್ದರು. ಬೆರಳು ನಿಲ್ಲಲಿಲ್ಲ. ಆದರೆ ಆಮೇಲೆ ನೋಡಿದರೆ ಒಳ್ಳೆಯ ಬೀಜಗಳೂ ಕಪ್ಪಿನ ರಾಶಿಗೆ ಬಿದ್ದಿದ್ದವು.

ಅರ್ಜಿ ತೆರೆದಿಟ್ಟುಕೊಂಡೆ. ಏನೂ ಬರೆಯಲಿಲ್ಲ.

ಅಕ್ಟೋಬರ್ 9

ಬರೆಯಲಿಲ್ಲ.

ಅಕ್ಟೋಬರ್ 12

ಮಧ್ಯಾಹ್ನ ಅಕ್ಕ ತೋಟಕ್ಕೆ ಹೋಗಿದ್ದಾಗ ಪೊನ್ನಪ್ಪನವರು ಬಂದರು. ಅಕ್ಕನ ಭಾವ, ಕುಟುಂಬದಲ್ಲಿ ಎಲ್ಲರಿಗಿಂತ ಹಿರಿಯರು. ಬಂದಾಗಲೆಲ್ಲ ನಿನ್ನ ಕಾಗದ ಓದ್ತೇನೆ, ಎಂಥ ಬರವಣಿಗೆ ಎಂದು ಎಲ್ಲರ ಎದುರು ಹೊಗಳುವವರು. ನನಗೆ ಮುಖ ಬಿಸಿಯಾಗುತ್ತಿತ್ತು. ಒಂದೆರಡು ಸಲ ಬರೆಯುವಾಗ ಅವರನ್ನು ನೆನೆದು ಪದ ಆರಿಸಿದ್ದೂ ಉಂಟು.

ಕಣ್ಣಿಗೆ ಪೊರೆ ಬಂದಿದೆ. ಮೈಸೂರಿನ ಆಸ್ಪತ್ರೆಯವರು ದಿನ ಗೊತ್ತುಮಾಡಿ ಮೇಲ್ ಹಾಕಿದ್ದೇವೆ ಎನ್ನುತ್ತಾರಂತೆ, ಇವರಿಗೆ ಕಾಣುತ್ತಿಲ್ಲ. ಹುಡುಕಿಕೊಡು ಕೂಸೆ ಎಂದು ಫೋನ್ ಕೈಗಿತ್ತರು. ಹುಡುಕಿದೆ. ಆಸ್ಪತ್ರೆಯ ಮೇಲ್ ಸ್ಪ್ಯಾಮಿನಲ್ಲಿತ್ತು. ಅದರ ಕೆಳಗೆ ನಮ್ಮ ಎರಡು ಕಾಗದ. ಪಾಪ, ಇವರಿಗೂ ತಪ್ಪಿಹೋಗಿದೆ ಅಂದುಕೊಂಡು ಹೊರಗೆ ತೆಗೆಯಲು ಸೆಪ್ಟೆಂಬರಿನದನ್ನು ತೆರೆದೆ. ಮೇಲೆ ಒಂದು ಪಟ್ಟಿ ಮೂಡಿತು: ಈ ಸಂದೇಶವನ್ನು ನೀವೇ ಸ್ಪ್ಯಾಮ್ ಎಂದು ವರದಿ ಮಾಡಿದ್ದೀರಿ. ಇನ್ನೊಂದಕ್ಕೂ ಅದೇ.

ನಾನು ಫೋನನ್ನು ಅವರಿಗೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ನಾಚಿಕೊಳ್ಳುತ್ತಾರೆ ಎಂದು ನಾನು ನೆಲ ನೋಡಿದೆ. ಅವರು ನಾಚಿಕೊಳ್ಳಲಿಲ್ಲ.

"ಅದಾ? ನಾ ಕುಡಿಯುದು ಚಾ. ಬೊಡ, ಕಳಿಸ್ಬೇಡ ಅಂತ ಆ ಇನ್ನೊಂದು ಗುಂಡಿ ಒತ್ತಿರೆ ನೀಲಾವತಿಗೆ ಹೆಸರು ಕಾಣ್ತದೆ ಅಂತ ನಮ್ಮ ಪ್ರವೀಣ ಹೇಳ್ದ. ಇದನ್ನ ಒತ್ತಿರೆ ಯಾರಿಗೂ ಗೊತ್ತಾಗುದಿಲ್ಲೆ. ಜೂನ್‌ಲಿ ಒಂದು ಮದುವೆಗೆ ಸೇರಿದ ದಿನ ಎಲ್ಲರಿಗೂ ಅವನೇ ಹೇಳಿಕೊಟ್ಟದ್ದು."

"ಎಲ್ರಿಗೂನಾ?"

"ಮತ್ತೆ? ಮನೆಯ ಹೆಣ್ಣುಮಗಳು ಇಷ್ಟು ಕಷ್ಟಪಟ್ಟು ಕಳಿಸುದು. ಮುಖಕ್ಕೆ ಬೊಡ ಹೇಳುದು ಹೇಂಗೆ ಕೂಸೆ? ಅವಳಿಗೆ ಬೇಜಾರು ಮಾಡ್ಲಿಕ್ಕಾಗ್ತದಾ." ಫೋನನ್ನು ಜೇಬಿಗಿಟ್ಟುಕೊಂಡರು. "ನೀನೂ ಹೇಳ್ಬೇಡ."

ಹೋಗುವಾಗ ಬಾಗಿಲಲ್ಲಿ ನಿಂತು, ಬರವಣಿಗೆ ಮಾತ್ರ ಚಂದ ಎಂದರು.

ಓದದ ಬರವಣಿಗೆ. ನಾನು ಯಾರಿಗಾಗಿ ಪದ ಆರಿಸಿದೆನೋ ಅವರು ತೆರೆಯದೇ ಒತ್ತಿ, ಮುಂದಿನ ವಾರ ಬಂದು ಹೊಗಳಿ, ನನ್ನ ಕೈಯಿಂದ ಕಾಫಿ ಬೇಡ ಚಾ ಮಾಡು ಎಂದು ಕುಡಿದು ಹೋಗಿದ್ದಾರೆ. ಇಷ್ಟು ದಿನ ನಿಯಮ ಬರೆದವರ ಮೇಲೆ ಉಗುಳುತ್ತಿದ್ದೆ. ದೂರದಲ್ಲಿರುವವರ ಮೇಲೆ ಉಗುಳುವುದು ಸುಲಭ. ಈ ಉಗುಳು ಎಲ್ಲಿ ಬೀಳಬೇಕು? ದಾವಣಗೆರೆಯವರ ಕಾಫಿಯನ್ನು ಕಿತ್ತುಕೊಂಡದ್ದು ಯಾವ ಕಂಪನಿಯೂ ಅಲ್ಲ, ಈ ಮರ್ಯಾದಸ್ಥರ ಮರ್ಯಾದೆ. ಸಕ್ಕರೆ ಹಾಕಿದ ಲೋಟವನ್ನು ತೊಳೆಯದೆ ಮೂರು ದಿನ ಇಟ್ಟರೆ ತಳದಲ್ಲಿ ಕಟ್ಟುವ ಲೋಳೆಯಂತೆ ನನಗೆ ಅದು ಕಂಡಿತು. ಅವರು ಚಾ ಕುಡಿದ ಲೋಟವನ್ನು ಎರಡು ಸಲ ತೊಳೆದೆ.

ಅಕ್ಟೋಬರ್ 13

ದೀಕ್ಷಿತ್ ಫೋನ್ ಮಾಡಿದ. ಬೆಂಗಳೂರು, ಮೈಸೂರಿನ ಐದು ಸಾವಿರ ಕಾಫಿ ಕುಡಿಯುವವರ ಮೇಲ್ ವಿಳಾಸ ಅವನ ಹತ್ತಿರ ಇದೆಯಂತೆ, ಕೊಡುತ್ತಾನಂತೆ. ಬೇಡ ಎಂದೆ. ಯಾಕೆ ಮೇಡಂ ಎಂದ. ಬೇಡ ಎಂದೆ. ಫೋನ್ ಅಕ್ಕನಿಗೆ ಕೊಡಿ ಎಂದ. ಅವರಿಗೂ ಬೇಡ ಎಂದು ಇಟ್ಟೆ.

ಕಮಲಕ್ಕ ಯಾರದ್ದು ಫೋನು, ಯಾಕೆ ಹಾಗೆ ನೋಡುತ್ತಿದ್ದೀಯ ಎಂದರು. ಹೊರಗೆ ಬಿಸಿಲಿತ್ತು, ಅರ್ಧ ದಿನ ಹಸಿ ಬೀಜದ ಚೀಲಗಳನ್ನು ಹೊರಳಿಸಿದೆವು. ಒಂದರ ತಳ ಬೂಷ್ಟು ಹಿಡಿದಿದೆ.

ಅಕ್ಟೋಬರ್ 14

ನಾಳೆ ಕೊನೆಯ ದಿನ. ಅಕ್ಕ ಸಂಜೆ ಕೇಳಿದರು, ಅರ್ಜಿ ಹೋಯಿತಾ ಎಂದು. ಇನ್ನೂ ಇಲ್ಲ ಅಕ್ಕ, ನಾಳೆ ಎಂದೆ. ನನ್ನ ಮೇಲೆ ಅವರಿಗೆ ಸಂಶಯವೇ ಇಲ್ಲ. ಸರಿ ಎಂದು ಸ್ಕೂಟರ್ ಹತ್ತಿದರು.

ಮೂರು ಬಗೆಯಾಗಿ ಯೋಚಿಸಿ ನೋಡಿದೆ. ದೀಕ್ಷಿತನ ಸುಳ್ಳನ್ನು ಹಾಗೆಯೇ ಕಳಿಸಬಹುದು. ಖಾತೆ ತೆರೆದರೂ ಮೊದಲ ಕಾಗದಕ್ಕೇ ಕುಟುಂಬದ ಬೆರಳುಗಳೆಲ್ಲ ಮತ್ತೆ ಒತ್ತುತ್ತವೆ, ದೀಪಾವಳಿಗೆ ಮೊದಲೇ ಮುಚ್ಚುತ್ತದೆ. ಎರಡನೆಯದು, ಅಕ್ಕನಿಗೆ ಹೇಳದೆ ಮುನ್ನೂರ ತೊಂಬತ್ತೊಂದು ಹೆಸರನ್ನು ನಾನೇ ಅಳಿಸಿ, ನಾನೂರ ಹನ್ನೆರಡು ಜನರ ಪುಸ್ತಕದ ಪೂರ್ತಿ ಫೋಟೋ ಹಾಕಿ ಕಳಿಸಬಹುದು. ಇದು ಚೆನ್ನಾಗಿದೆ. ಯಾರಿಗೂ ಬೇಸರವಿಲ್ಲ. ತೆರೆಯದವರಿಗೆ ಕಾಗದ ಬರದಿದ್ದರೆ ಗೊತ್ತೂ ಆಗುವುದಿಲ್ಲ. ಅಕ್ಕ ತಮ್ಮವರೆಲ್ಲ ಓದುತ್ತಿದ್ದಾರೆ ಎಂದುಕೊಂಡೇ ಇರುತ್ತಾರೆ. ಮಧ್ಯಾಹ್ನ ಮೂರಕ್ಕೆ ಹೆಸರುಗಳನ್ನೆಲ್ಲ ಗುರುತು ಹಾಕಿಕೊಂಡೆ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಆಗ, ಅವಳಿಗೆ ಬೇಜಾರು ಮಾಡ್ಲಿಕ್ಕಾಗ್ತದಾ ಎನ್ನುವ ಮಾತು ನನ್ನದೇ ಗಂಟಲಲ್ಲಿ ಕೇಳಿತು. ಬೆರಳು ತೆಗೆದು ಹೋಗಿ ಕೈ ತೊಳೆದುಕೊಂಡೆ.

'Re:' ಬೇಡ ಅಕ್ಕ, ಅದು ಸುಳ್ಳು ಎಂದು ಒಂದನೇ ತಾರೀಕಿನಂದು ಹೇಳಿದ್ದರೆ ಅವರು ಕೇಳುತ್ತಿದ್ದರು. ನಾನು ತಲೆ ಅಲ್ಲಾಡಿಸಿದೆ. ಪೊನ್ನಪ್ಪನವರು ಬಂದುಹೋಗಿ ಎರಡು ದಿನವಾಯಿತು. ದಿನಕ್ಕೆ ಹತ್ತು ಸಲ ಅಕ್ಕನ ಮುಖ ನೋಡಿದ್ದೇನೆ.

ಮೂರನೆಯದು, ನಿಜ ಹೇಳುವುದು. ಈಗ ಅರ್ಜಿಯ ನಾಲ್ಕನೇ ಪ್ರಶ್ನೆಗೆ ಉತ್ತರ ಬರೆದೆ. ಎರಡು ಸಾಲು. ನಾನೂರ ಹನ್ನೆರಡು ಜನ ಕೈಯಾರೆ ಬರೆದುಕೊಟ್ಟರು. ಮುನ್ನೂರ ತೊಂಬತ್ತೊಂದು ಜನರನ್ನು ನಾವು ಕೇಳದೆ ಸೇರಿಸಿದೆವು, ಈಗ ತೆಗೆದಿದ್ದೇವೆ. ಇಷ್ಟು ಬರಡಾದ ವಾಕ್ಯ ನಾನು ಹಿಂದೆಂದೂ ಬರೆದಿಲ್ಲ, ಆದರೆ ಅದರಲ್ಲಿ ತಿದ್ದಲು ಏನೂ ಸಿಗಲಿಲ್ಲ. ಕಳಿಸಿಲ್ಲ. 'ತೆಗೆದಿದ್ದೇವೆ' ಎನ್ನಬೇಕಾದರೆ ಅಕ್ಕನೂ ಸೇರಿರಬೇಕು.

ಒಂದು ಕಾಗದ ಬರೆದು ಮೇಜಿನ ಮೇಲಿಟ್ಟು ಬಂದರೆ ಹೇಗೆ ಎಂದೂ ನೋಡಿದೆ. ಅರ್ಧ ಪುಟ ಬರೆದೆ. ಚೆನ್ನಾಗಿಯೇ ಬರುತ್ತಿತ್ತು. ಹರಿದೆ.

ಅಕ್ಕ ಬೆಳಿಗ್ಗೆ ಏಳೂವರೆಗೆ ಬರುತ್ತಾರೆ, ಕಮಲಕ್ಕ ಎಂಟಕ್ಕೆ. ನಡುವೆ ಅರ್ಧ ಗಂಟೆ. ಪೊನ್ನಪ್ಪನವರ ಹೆಸರು ಎತ್ತುವುದಿಲ್ಲ. ಬಾಕಿಯದೆಲ್ಲ ಎದುರು ಕೂತು ಬಾಯಲ್ಲೇ ಹೇಳುತ್ತೇನೆ. ಅವರು ಅತ್ತರೆ ಎದ್ದು ಹೋಗುವುದಿಲ್ಲ.